ಹದಿಮೂರು ಮನೆಗಳಿಗೆ ಅಂದ ‘ಛಲೋ ಅದ’

ಬ್ಯಾಂಕಿನವರ ಸಂಸಾರದಲ್ಲಿ ಒಂದು ಪದ್ಧತಿ ಇತ್ತು. ಬದಲಿಯ ಆರ್ಡರ್ ಕೈಗೆ ಬಂದ ಕೂಡಲೇ ಗಂಡ ಒಂದು ಸೂಟ್‌ಕೇಸು ಹಿಡಿದು ಹೊಸ ಊರಿಗೆ ಹೋಗಿ ಡ್ಯೂಟಿಗೆ ಹಾಜರಾಗುತ್ತಿದ್ದ. ಲಾಡ್ಜಿನಲ್ಲಿದ್ದು, ಮೆಸ್ಸಿನಲ್ಲಿ ಉಂಡು, ಭಾನುವಾರ ಬಂದರೆ ಬ್ರಾಂಚಿನ ಅಟೆಂಡರನನ್ನು ಜೊತೆಗೆ ಕರೆದುಕೊಂಡು ಬಾಡಿಗೆ ಮನೆ ಹುಡುಕುತ್ತಿದ್ದ. ಹೆಂಡತಿ ಹಳೆಯ ಊರಿನಲ್ಲಿ ಮಗುವಿನ ಪರೀಕ್ಷೆ ಮುಗಿಯುವ ತನಕ ಇದ್ದು, ಸಾಮಾನು ಕಟ್ಟಿ, ಗ್ಯಾಸ್ ಸಿಲಿಂಡರ್ ಒಪ್ಪಿಸಿ, ಸ್ಕೂಲಿನಿಂದ ಟೀಸಿ ತಂದು, ಲಾರಿಯ ಹಿಂದೆ ಬಸ್ಸು ಹತ್ತುತ್ತಿದ್ದಳು. ಮನೆ ಹೇಗಿದೆ ಅನ್ನುವುದು ಅವಳಿಗೆ ಗೊತ್ತಾಗುತ್ತಿದ್ದದ್ದು ಬೀಗ ತೆಗೆದ ಮೇಲೆಯೇ.

ನನ್ನ ಗಂಡ ಹೀಗೆ ಹದಿಮೂರು ಮನೆ ಆರಿಸಿದರು. ನಾನು ಒಂದನ್ನೂ ಆರಿಸಲಿಲ್ಲ. ಗದಗಿನಿಂದ ಶುರುವಾಗಿ ಆದೋನಿ, ಗುಂಟೂರು, ಅನಕಾಪಲ್ಲಿ, ವಿಶಾಖಪಟ್ಟಣ ಎಲ್ಲ ಸುತ್ತಿ, ಕೊನೆಗೆ ವಿಜಯವಾಡದ ಗವರ್ನರ್‌ಪೇಟೆಯಲ್ಲಿ ನಿಂತೆವು. ಗುಂಟೂರಿನ ಮನೆ ಮೆಣಸಿನಕಾಯಿ ಗೋದಾಮಿನ ಹಿಂದೆ. ಅಲ್ಲಿದ್ದ ಮೂರು ವರ್ಷ ನಾನು ಸೀನಿದ್ದೇ ಸೀನಿದ್ದು. ಅನಕಾಪಲ್ಲಿಯ ಮನೆ ಬೆಲ್ಲದ ಮಂಡಿಯ ಎದುರಿಗೆ. ನೆಲ ಒರೆಸಿ ಎದ್ದು ನಿಲ್ಲುವುದರೊಳಗೆ ಇರುವೆಯ ಸಾಲು. ಆದೋನಿಯಲ್ಲಿ ಹಿಟ್ಟಿನ ಗಿರಣಿಯ ಗೋಡೆಯೇ ನಮ್ಮ ಅಡಿಗೆಮನೆಯ ಗೋಡೆ, ಗಿರಣಿ ನಡೆಯುವಾಗ ತಟ್ಟೆ ಲೋಟ ತಾವೇ ಮಾತಾಡುತ್ತಿದ್ದವು. ಈ ಹದಿಮೂರರಲ್ಲಿ ಅಡಿಗೆಮನೆಗೆ ಕಿಟಕಿ ಇದ್ದ ಮನೆ ಎರಡೋ ಮೂರೋ.

ಆದರೂ ಪ್ರತಿ ಸಲವೂ ನಡೆಯುತ್ತಿದ್ದದ್ದು ಒಂದೇ. ಹೊಸ ಮನೆಯ ಬಾಗಿಲಲ್ಲಿ ಅಟೆಂಡರ್, ಮನೆಯ ಮಾಲೀಕ, ಇಬ್ಬರು ಕ್ಲಾರ್ಕುಗಳು, ಪಕ್ಕದ ಮನೆಯಾಕೆ ಎಲ್ಲರೂ ನೆಂಟರ ಹಾಗೆ ನಿಂತಿರುತ್ತಿದ್ದರು. ಇವರು (ನನ್ನ ಗಂಡನನ್ನು ನಾನು ಹಾಗೇ ಅನ್ನುವುದು) ಬೀಗ ತೆಗೆದು ನನ್ನ ಮುಖ ನೋಡುತ್ತಿದ್ದರು. ನಾನು ಒಳಗೊಂದು ಸುತ್ತು ಹಾಕಿ ಹೊರಗೆ ಬಂದು ‘ಛಲೋ ಅದ’ ಅನ್ನುತ್ತಿದ್ದೆ. ಅನ್ನದೆ ಏನು ಮಾಡಲಿ? ಅಡ್ವಾನ್ಸ್ ಕೊಟ್ಟಾಗಿದೆ, ಲಾರಿ ಬಾಗಿಲಿಗೆ ಬಂದು ನಿಂತಿದೆ. ಅದೂ ಅಲ್ಲದೆ ಧಾರವಾಡದಲ್ಲಿ ನಮ್ಮವ್ವ ನನ್ನನ್ನು ಗಂಡನ ಮನೆಗೆ ಕಳಿಸುವಾಗ ಹೇಳಿದ ಬುದ್ಧಿಮಾತು ಒಂದೇ ಒಂದು: ನಾಲ್ಕು ಮಂದಿಯ ಎದುರು ಗಂಡನ ಮುಖ ಕೆಡಿಸಬಾರದು. ಮುಖ ಕೆಡಿಸಲಿಲ್ಲ. ಹದಿಮೂರು ಸಲ ಹಲ್ಲು ಕಚ್ಚಿ ‘ಛಲೋ ಅದ’ ಅಂದೆ.

ಗವರ್ನರ್‌ಪೇಟೆಯ ಮನೆ ಮೂರನೆಯ ಮಹಡಿ, ಲಿಫ್ಟ್ ಇಲ್ಲ. ಕೆಳಗೆ ಹೋಲ್‌ಸೇಲ್ ಅಂಗಡಿಗಳು, ಎದುರಿಗೆ ಟಿಫಿನ್ ಹೋಟೆಲು, ಬೆಳಗಿನಿಂದ ಆಟೋಗಳ ಕೂಗಾಟ. ನಿವೃತ್ತಿಯಾದ ಮೇಲೆ ಹದಿನಾಲ್ಕು ವರ್ಷ ಅಲ್ಲೇ ಕಳೆದೆವು. ಹತ್ತಿ ಇಳಿಯುವುದು ಮೊದಮೊದಲು ಲೆಕ್ಕಕ್ಕೇ ಬರಲಿಲ್ಲ. ಆಮೇಲೆ ಇವರ ಮೊಣಕಾಲು ಮುಷ್ಕರ ಹೂಡಿತು. ದಿನಕ್ಕೆ ಮೂರು ಸಲ ಇಳಿಯುತ್ತಿದ್ದವರು ಒಂದು ಸಲಕ್ಕೆ ಬಂದರು. ತರಕಾರಿಗೆ ನಾನು ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಡಲು ಕಲಿತೆ. ಒಂದು ದಿನ ಇವರು ಎರಡನೆಯ ಮಹಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದರು, ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಕೆಳಗಿನ ಬಟ್ಟೆ ಅಂಗಡಿಯ ಇಬ್ಬರು ಬಂದು ಎತ್ತಿಕೊಂಡು ತಂದರು. ಆಗ ಇವರಿಗೆ ಎಪ್ಪತ್ತನಾಲ್ಕು, ನನಗೆ ಅರವತ್ತೆಂಟು.

ನಮ್ಮ ಮಗಳು ಇರುವುದು ವಿಶಾಖಪಟ್ಟಣದಲ್ಲಿ. ಅಳಿಯ ತೆಲುಗಿನವರು, ಬಂದರಿನಲ್ಲಿ ಕೆಲಸ. ನಮ್ಮ ಮನೆಗೆ ಬಂದುಬಿಡಿ ಅಂದಳು. ಅವಳ ಅತ್ತೆಯೂ ಅಲ್ಲೇ ಇದ್ದಾರೆ, ಒಳ್ಳೆಯ ಹೆಂಗಸು. ಒಂದು ಅಡಿಗೆಮನೆಯಲ್ಲಿ ಇಬ್ಬರು ಒಳ್ಳೆಯ ಹೆಂಗಸರು ಇರಬಾರದು ಅಂತ ನಾನೇ ಬೇಡ ಅಂದೆ. ಆಗ ಅವಳು ಹಿರಿಯರಿಗೆಂದೇ ಕಟ್ಟಿದ ಜಾಗಗಳ ಮಾತು ತೆಗೆದಳು. ನಿಮ್ಮ ಮನೆ ನಿಮ್ಮದೇ, ಬಾಗಿಲು ಹಾಕಿಕೊಂಡರೆ ಯಾರೂ ಕೇಳುವುದಿಲ್ಲ, ಬೇಕಾದರೆ ಅಡಿಗೆ ಮಾಡಿಕೊಳ್ಳಿ, ಬೇಡವಾದರೆ ಅವರ ಊಟ, ನರ್ಸ್ ಒಬ್ಬಳು ಯಾವಾಗಲೂ ಇರುತ್ತಾಳೆ ಅಂತೆಲ್ಲ. ಧಾರವಾಡದಿಂದ ಇವರ ಅಣ್ಣ ಫೋನ್ ಮಾಡಿ, ಮಗಳು ಅದೇ ಊರಿನಲ್ಲಿ ಇದ್ದೂ ವೃದ್ಧಾಶ್ರಮಕ್ಕೆ ಹೋಗುವ ಕರ್ಮ ಏನು ಅಂದರು. ಆಶ್ರಮವಲ್ಲ ಭಾವ, ಲಿಫ್ಟ್ ಇರುವ ಮನೆ, ಅಷ್ಟೇ ಅಂದೆ. ಅವರ ಮನೆ ನೆಲಮಹಡಿಯಲ್ಲಿದೆ, ಅವರಿಗೇನು ಗೊತ್ತು.

ಇವರು ಎರಡು ದಿನ ಯೋಚನೆ ಮಾಡಿ ಒಪ್ಪಿದರು. ಒಪ್ಪಿದವರೇ ಒಳಗೆ ಹೋಗಿ ಹಳೆಯ ಸೂಟ್‌ಕೇಸು ಕೆಳಗಿಳಿಸಿದರು.

“ಮೊದಲ ನಾ ಹೋಗಿ ನೋಡಿ ಬರ್ತೀನಿ. ಆಮ್ಯಾಲೆ ನೀ ಸಾಮಾನ ಕಟ್ಟಿಕೊಂಡು ಬಾ.”

ನನ್ನ ತಲೆ ಕೆಟ್ಟುಹೋಯಿತು. ಹಾಲು ಉಕ್ಕುವುದು ನೋಡಿ ಕೂಡ ಗ್ಯಾಸ್ ಆರಿಸಲಿಲ್ಲ.

“ಹದಿಮೂರು ಮನಿ ನೀವ ನೋಡೀರಿ,” ಅಂದೆ. “ಇದು ಕಡೀ ಮನಿ. ಇದನ್ನ ನಾ ನೋಡ್ತೀನಿ. ನಾ ಮೊದಲ ಹೋಗ್ತೀನಿ, ನೀವು ಸಾಮಾನ ಕಟ್ಟಿಕೊಂಡು ಹಿಂದಿಂದ ಬರ್ರಿ.”

ಇವರು ಸೂಟ್‌ಕೇಸಿನ ಧೂಳು ಒರೆಸುತ್ತಿದ್ದವರು ನಿಲ್ಲಿಸಿದರು. ಮೆನೇಜರ್ ಆಗಿದ್ದ ಮನುಷ್ಯ, ಎದುರಾಡಿದವರನ್ನು ಹೆಚ್ಚು ನೋಡಿದವರಲ್ಲ. ಅಂಥವರು ಸೂಟ್‌ಕೇಸನ್ನು ನನ್ನ ಕಡೆ ಸರಿಸಿದರು. ಜಗಳವಾಗುತ್ತದೆ ಅಂತ ಟೊಂಕ ಕಟ್ಟಿ ನಿಂತಿದ್ದ ನನಗೆ ಸ್ವಲ್ಪ ಪೆಚ್ಚಾಯಿತು. ಆದರೂ ಗೆದ್ದೆ ಅಂತ ಖುಷಿಯೇ ಆಯಿತು. ಆ ಹೊತ್ತಿಗೆ ನನಗೆ ಬೇಕಾಗಿದ್ದದ್ದು ಅದೊಂದೇ. ಇನ್ನು ಎಷ್ಟು ವರ್ಷ ಇದೆಯೋ, ಅಷ್ಟನ್ನೂ ನಾನು ಆರಿಸಿದ ಮನೆಯಲ್ಲಿ ಕಳೆಯಬೇಕು.

ವಿಶಾಖಪಟ್ಟಣದಲ್ಲಿ ಮಗಳ ಮನೆಯಲ್ಲಿ ಇಳಿದುಕೊಂಡು ಹುಡುಕಲು ಶುರು ಮಾಡಿದೆ. ಮಗಳು ಮೂರು ಜಾಗಗಳ ಪಟ್ಟಿ ಮಾಡಿದ್ದಳು. ಮೂರನೆಯದು ಬಸ್ ಕಾಂಪ್ಲೆಕ್ಸಿನ ಹತ್ತಿರದ ರಸ್ತೆಯಲ್ಲಿದೆ ಅಂದ ಕೂಡಲೇ, ಅದನ್ನು ನೋಡುವುದೇ ಬೇಡ ಅಂದುಬಿಟ್ಟೆ. ಜನ್ಮದಲ್ಲಿ ಕೇಳಬೇಕಾದಷ್ಟು ಹಾರ್ನ್ ಕೇಳಿಯಾಗಿದೆ.

ಮೊದಲನೆಯದು ಊರೊಳಗೆ, ಗುಡ್ಡದ ಇಳಿಜಾರಿನಲ್ಲಿ. ತೋರಿಸಲು ಬಂದ ಹುಡುಗಿ ಲಿಫ್ಟಿನ ಬಾಗಿಲು ತೆಗೆದು, ಇದರಲ್ಲಿ ಸ್ಟ್ರೆಚರ್ ಕೂಡ ಸಲೀಸಾಗಿ ಹಿಡಿಸುತ್ತದೆ ಅಮ್ಮಗಾರು ಅಂತ ತೆಲುಗಿನಲ್ಲಿ ಹೆಮ್ಮೆಯಿಂದ ಹೇಳಿದಳು. ನಾನಿನ್ನೂ ಒಳಗೇ ಬಂದಿಲ್ಲ, ಇವಳು ಹೊರಗೆ ಒಯ್ಯುವ ದಾರಿ ತೋರಿಸುತ್ತಿದ್ದಾಳೆ ಅನ್ನಿಸಿತು. ಬಚ್ಚಲಲ್ಲಿ ಕೆಂಪು ದಾರ ಇಳಿಬಿಟ್ಟಿದ್ದರು, ಬಿದ್ದರೆ ಎಳೆಯಬೇಕು, ಕೂಡಲೇ ಜನ ಓಡಿ ಬರುತ್ತಾರೆ ಅಂದಳು. ಅವಳು ಆ ಕಡೆ ತಿರುಗಿದಾಗ ನಾನು ಎಳೆದೆ. ಕೈ ತೊಳೆದೆ, ಕನ್ನಡಕ ತೊಳೆದೆ, ಗೋಡೆಗೆ ಅಂಟಿಸಿದ್ದ ಸೂಚನೆಗಳನ್ನೆಲ್ಲ ಓದಿದೆ. ಕೊನೆಗೆ ನೆಲ ಒರೆಸುವವನೊಬ್ಬ ಬಂದು, ದಾರ ಯಾಕೆ ಜಗ್ಗಿದಿರಿ ಅಂತ ನನ್ನನ್ನೇ ಗದರಿದ. ಮಗಳು ನಗು ತಡೆಯಲಾರದೆ ಹೊರಗೆ ಹೋದಳು. ಆ ಜಾಗ ಅಲ್ಲಿಗೆ ಮುಗಿಯಿತು.

ಎರಡನೆಯದು ಭೀಮುನಿಪಟ್ಟಣದ ಹತ್ತಿರ. ಊರಿನಿಂದ ದೂರವೇ, ಆದರೆ ದಾರಿಯುದ್ದಕ್ಕೂ ಸಮುದ್ರ. ಅಲ್ಲೂ ದಾರ ಎಳೆದೆ. ಇಬ್ಬರು ಓಡಿ ಬಂದರು, ಒಬ್ಬಳ ಒಂದು ಚಪ್ಪಲಿ ದಾರಿಯಲ್ಲೇ ಬಿದ್ದಿತ್ತು. ಸಂತೋಷವಾಯಿತು. ನಲ್ಲಿ ತಿರುಗಿಸಿದೆ, ನೀರು ಸದ್ದು ಮಾಡದೆ ಬಂತು. ಮಂಚದ ಮೇಲೆ ಹತ್ತು ನಿಮಿಷ ಸುಮ್ಮನೆ ಮಲಗಿದೆ, ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಹೇಳದೆ ಕೇಳದೆ ಮರುದಿನ ಮಧ್ಯಾಹ್ನ ಮತ್ತೆ ಹೋಗಿ ಅವರ ಊಟ ಉಂಡೆ. ಪಪ್ಪು ಅನ್ನುವ ಅವರ ತೊವ್ವೆ, ಬೆಂಡೆಕಾಯಿ ಪಲ್ಯ, ಮಜ್ಜಿಗೆ. ಖಾರ ಹೆಚ್ಚು, ಮಿಕ್ಕದ್ದು ಸರಿ.

ಆದರೆ ಇವೆಲ್ಲ ನೆಪ. ನಾನು ಮನಸೋತದ್ದು ಅಡಿಗೆಮನೆಗೆ. ಸಣ್ಣದೇ, ಒಲೆ ಇಡುವ ಕಟ್ಟೆ ಮತ್ತು ಎರಡು ಕಪಾಟು ಅಷ್ಟೇ. ಕಟ್ಟೆಯ ಎದುರಿಗೆ ಮೂರಡಿ ಅಗಲದ ಕಿಟಕಿ. ಕಿಟಕಿಯಲ್ಲಿ ಸಮುದ್ರ, ಮೀನಿನ ದೋಣಿಗಳು, ಒಣಹಾಕಿದ ಬಲೆ. ಸೌಟು ಹಿಡಿದು ನಲವತ್ತು ವರ್ಷ ಗೋಡೆ ನೋಡಿದವಳು ನಾನು. ಅಲ್ಲೇ ನಿಂತು ಕಣ್ಣಲ್ಲಿ ನೀರು ಬಂತು ಅಂತ ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಇದೇ ನನ್ನ ಮನೆ ಅಂದೆ. ಒಂದು ತಿಂಗಳು ಇದ್ದು ನೋಡಿ, ಹಿಡಿಸಿದರೆ ಸಹಿ ಮಾಡಿ ಅನ್ನುವುದು ಅಲ್ಲಿನ ನಿಯಮ. ಇರಲಿ ಬಿಡಿ, ತಿಂಗಳೇನು, ಈಗಲೇ ಮಾಡುತ್ತೇನೆ ಅಂದೆ. ಅಲ್ಲಿನ ಮೆನೇಜರಮ್ಮ ನಕ್ಕು, ನಿಯಮ ನಿಯಮವೇ ಅಂದರು.

ಗವರ್ನರ್‌ಪೇಟೆಯಿಂದ ಇವರು ದಿನಕ್ಕೆ ಮೂರು ಸಲ ಫೋನ್. ಸುತಳಿ ಎಲ್ಲಿದೆ, ಹಳೆಯ ಪೇಪರು ಎಲ್ಲಿಟ್ಟಿದ್ದಿ, ಕುಕ್ಕರಿನ ಮುಚ್ಚಳ ಕುಕ್ಕರಿನೊಳಗೆ ಹೋಗುತ್ತದೋ ಇಲ್ಲವೋ. ಜೀವಮಾನದಲ್ಲಿ ಒಂದು ಡಬ್ಬಿ ಕಟ್ಟಿದವರಲ್ಲ. ಹಿಂದೆ ನಾನು ಮಗುವನ್ನು ಕಂಕುಳಲ್ಲಿಟ್ಟುಕೊಂಡು ಇಡೀ ಸಂಸಾರ ಕಟ್ಟುತ್ತಿದ್ದೆ ಅಂತ ಫೋನಿನಲ್ಲೇ ಹಂಗಿಸಿದೆ. ಇವರು ಹೂಂ ಅಂದರು. ಮನೆ ಹೇಗಿದೆ ಅಂತ ಒಂದು ಸಲವೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಬಂದು ಬೀಗ ತೆಗೆದ ಮೇಲೆ ನೋಡಲಿ, ಆ ರುಚಿಯೂ ಒಂದು ಸಲ ಗೊತ್ತಾಗಲಿ ಅಂದುಕೊಂಡೆ.

ಅಳಿಯ ಹೋಗಿ ಇವರನ್ನು ಕರೆತಂದರು. ಕಾರಿನ ಹಿಂದೆ ನಾಲ್ಕು ಪೆಟ್ಟಿಗೆ. ನಾಲ್ಕರ ಮೇಲೂ ಬ್ಯಾಂಕಿನ ಗುಂಡನೆಯ ಅಕ್ಷರದಲ್ಲಿ ‘ಇತರೆ’ ಅಂತ ಬರೆದಿದ್ದರು. ಬಾಗಿಲಲ್ಲಿ ಮೆನೇಜರಮ್ಮ, ನರ್ಸು, ಸಾಮಾನು ಇಳಿಸಲು ಬಂದ ಇಬ್ಬರು, ಪಕ್ಕದ ಮನೆಯ ಮುದುಕ ಮುದುಕಿ, ನಮ್ಮ ಮಗಳು. ನಾನು ಬೀಗ ತೆಗೆದೆ. ಇವರು ಕೋಲೂರುತ್ತ ಒಳಗೆ ಹೋದರು. ಹಾಲ್ ನೋಡಿದರು, ಮಲಗುವ ಕೋಣೆ ನೋಡಿದರು. ನಾನು ಕೈ ಹಿಡಿದು ಅಡಿಗೆಮನೆಗೆ ಕರೆದೊಯ್ದು ಕಿಟಕಿ ತೋರಿಸಿದೆ. ಸಮುದ್ರವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಹೊರಗೆ ಬಂದು, ಎಲ್ಲರೂ ನೋಡುತ್ತಿದ್ದಾರೆ ಅಂತ ತಿಳಿದು, ಮೇಲೆ ಫ್ಯಾನ್ ನೋಡುತ್ತ ಹೇಳಿದರು:

“ಛಲೋ ಅದ.”

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಆ ಮಾತನ್ನು ನಾನು ಹದಿಮೂರು ಸಲ ಆಡಿದ್ದೇನೆ. ಸ್ವಲ್ಪ ಅವಸರವಾಗಿ, ಕೇಳುವವರ ಮುಖ ತಪ್ಪಿಸಿ, ಎಲ್ಲಿಯೋ ಮೇಲೆ ನೋಡುತ್ತ. ಅದು ನನ್ನದೇ ಸುಳ್ಳು, ನನ್ನದೇ ದನಿ. ಬೇರೆಯವರ ಬಾಯಲ್ಲಿ ಕೇಳಿದರೆ ಗುರುತು ಸಿಗದೇ ಇರುತ್ತದೆಯೇ?

ಕೇಳಲಿಲ್ಲ ನಾನು. ಅವತ್ತೂ ಕೇಳಲಿಲ್ಲ, ಮರುದಿನವೂ ಕೇಳಲಿಲ್ಲ. ಅನುಭವಿಸಲಿ ಅನ್ನಿಸಿತು. ಇದು ಸೇಡಲ್ಲ ಅಂದರೆ ನಾನೂ ಸುಳ್ಳು ಹೇಳಿದ ಹಾಗಾಗುತ್ತದೆ. ಹದಿಮೂರು ಮನೆಯಲ್ಲಿ ನಾನು ಬಾಯಿ ಮುಚ್ಚಿಕೊಂಡು ಒಗ್ಗಿಕೊಳ್ಳಲಿಲ್ಲವೇ, ಒಂದು ಮನೆಯಲ್ಲಿ ಇವರು ಒಗ್ಗಿಕೊಳ್ಳಲಿ. ಬೆಳಿಗ್ಗೆ ಕಿಟಕಿಯ ಎದುರು ನಿಂತು ಅವಲಕ್ಕಿಗೆ ಒಗ್ಗರಣೆ ಹಾಕುವಾಗ ನನ್ನಷ್ಟು ಸುಖಿ ಯಾರೂ ಇರಲಿಲ್ಲ.

ಇವರು ಬೆಳಿಗ್ಗೆ ಏಳಕ್ಕೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಎಲ್ಲಿಗೂ ಹೋಗುವುದಿಲ್ಲದೆ ಕೂರುತ್ತಿದ್ದರು. ಪೇಪರು ಓದಿ ಮುಗಿಸಿ ಮತ್ತೆ ಮೊದಲ ಪುಟದಿಂದ ಓದುತ್ತಿದ್ದರು. ಒಂದು ವಾರದ ಮೇಲೆ ಗೇಟಿಗೆ ಹೋಗಿ ವಾಚ್‌ಮನ್‌ನ ಕುರ್ಚಿಯಲ್ಲಿ ಕೂರಲು ಶುರು ಮಾಡಿದರು. ಪಾಪ, ವಾಚ್‌ಮನ್ ನಿಂತುಕೊಂಡೇ ಕಾವಲು ಕಾಯುತ್ತಿದ್ದ. ಆ ಗೇಟಿನ ಮುಂದೆ ಹೋಗುವುದು ಏನು? ಒಂದು ಬಸ್ಸು, ಮೀನು ಹೊತ್ತ ನಾಲ್ಕು ಹೆಂಗಸರು, ಒಂದಷ್ಟು ಆಡು. ಶನಿವಾರ ಇಲ್ಲಿನ ವ್ಯಾನು ಭೀಮುನಿಪಟ್ಟಣದ ಪೇಟೆಗೆ ಹೋಗುತ್ತದೆ. ಇವರು ಎಲ್ಲರಿಗಿಂತ ಮೊದಲು ಹತ್ತಿ ಕೂತು, ಎಲ್ಲರಿಗಿಂತ ಕೊನೆಗೆ ಇಳಿದು ಬಂದರು. ಏನು ತಂದಿರಿ ಅಂದರೆ ಕೈ ಖಾಲಿ. ಏನು ಮಾಡಿದಿರಿ ಅಂದರೆ, ಪೇಟೆಯಲ್ಲಿ ನಿಂತಿದ್ದೆ ಅಂದರು.

ಆಗ ನನಗೆ ಹೊಳೆಯಿತು. ಆದೋನಿಯ ಗಿರಣಿ, ಗುಂಟೂರಿನ ಗೋದಾಮು, ಅನಕಾಪಲ್ಲಿಯ ಮಂಡಿ, ಗವರ್ನರ್‌ಪೇಟೆಯ ಅಂಗಡಿ ಸಾಲು. ಇವರು ಆರಿಸಿದ ಒಂದೊಂದು ಮನೆಯೂ ಗದ್ದಲದ ನಡುವೆಯೇ ಇತ್ತು. ಬೇಜವಾಬ್ದಾರಿ, ಕಣ್ಣು ಮುಚ್ಚಿ ಸಿಕ್ಕಿದ್ದನ್ನು ಹಿಡಿಯುತ್ತಾರೆ ಅಂತ ನಾನು ಇಷ್ಟು ವರ್ಷ ಒಳಗೊಳಗೇ ಬೈದುಕೊಂಡಿದ್ದೆ. ಅಲ್ಲ, ಇವರು ಕಣ್ಣು ಬಿಟ್ಟುಕೊಂಡೇ ಆರಿಸಿದ್ದರು. ಬಾಗಿಲು ತೆಗೆದರೆ ಜನ ಇರಬೇಕು, ಕೂಗಾಟ ಇರಬೇಕು, ಯಾರಾದರೂ ಯಾರ ಜೊತೆಗಾದರೂ ಜಗಳಾಡುತ್ತಿರಬೇಕು. ಅದಿಲ್ಲದೆ ಈ ಮನುಷ್ಯನಿಗೆ ಊಟ ಸೇರುವುದಿಲ್ಲ. ಹದಿಮೂರು ಮನೆಯಲ್ಲಿ ಜೊತೆಗೆ ಇದ್ದವಳಿಗೆ ಇಷ್ಟು ಗೊತ್ತಾಗಬಾರದೇ? ಇವರು ನನ್ನ ಅಡಿಗೆಮನೆ ನೋಡಲಿಲ್ಲ ಸರಿ, ನಾನು ಇವರ ಬಾಗಿಲು ನೋಡಿದ್ದೆನೇ?

ಮಾತಿಗೆ ಊಟ ಸೇರುವುದಿಲ್ಲ ಅಂದದ್ದಲ್ಲ. ನಿಜವಾಗಿಯೂ ತಟ್ಟೆಯಲ್ಲಿ ಅರ್ಧ ಬಿಡುತ್ತಿದ್ದರು. ಅಂಗಿಯ ಕಾಲರು ಕುತ್ತಿಗೆಗೆ ಸಡಿಲವಾಗಿತ್ತು. ನನಗೆ ಹೆದರಿಕೆಯಾಗಲು ಶುರುವಾಯಿತು. ಆದರೂ ಕಿಟಕಿ ಬಿಡಲು ಮನಸ್ಸು ಬರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಇನ್ನೊಂದು ವಾರ ನೋಡೋಣ, ಒಗ್ಗುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ.

ಸಹಿ ಮಾಡುವ ಹಿಂದಿನ ದಿನ ಬೆಳಿಗ್ಗೆ ಕಾಫಿ ಕೊಡುತ್ತ ಕೇಳಿಯೇಬಿಟ್ಟೆ.

“ಖರೇ ಹೇಳ್ರಿ. ನಿಮಗ ಈ ಮನಿ ಛಲೋ ಅದ ಏನು?”

“ಛಲೋನ ಅದ ಅಲ್ಲ. ಸಮುದ್ರ ಕಾಣಸ್ತದ.”

“ಸಮುದ್ರ ಬಿಡ್ರಿ. ನಿಮಗ?”

ಇವರು ಕಾಫಿಯ ಲೋಟ ಕಟ್ಟೆಯ ಮೇಲಿಟ್ಟರು.

“ನೀ ಹದಿಮೂರು ಸಲ ಅಂದಿ,” ಅಂದರು. “ನಾ ಒಂದು ಸಲ ಅಂತೀನಿ, ಬಿಡು.”

ಒಂದು ಕ್ಷಣ ನನಗೆ ಏನೂ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಹಾಗಾದರೆ ನಿಮಗೆ ಗೊತ್ತಿತ್ತು ಅಂದೆ. ಗುಂಟೂರಿನಲ್ಲಿ ನೀನು ಸೀನುವುದು ಇಡೀ ಓಣಿಗೆ ಕೇಳುತ್ತಿತ್ತು, ನನಗೆ ಗೊತ್ತಾಗದೆ ಇರುತ್ತದೆಯೇ ಅಂದರು. ಗೊತ್ತಿದ್ದೂ ಮೂರು ವರ್ಷ ಅಲ್ಲಿಟ್ಟಿರಾ ನನ್ನನ್ನು ಅಂತ ದನಿ ಏರಿಸಿದೆ. ಪಕ್ಕದ ಮನೆಯ ಮುದುಕಿ ಕಿಟಕಿಯಿಂದ ಇಣುಕಿದಳು, ಇಣುಕಲಿ. ನಲವತ್ತೈದು ವರ್ಷದ ಮಾತು, ಮೆಲ್ಲಗೆ ಹೇಗೆ ಬರುತ್ತದೆ?

ಇವರು ಎದುರಾಡಲಿಲ್ಲ. ನೆಲ ನೋಡುತ್ತ ಹೇಳಿದರು. “ಕೇಳಿದ್ರ ನೀ ಖರೇ ಹೇಳ್ತಿದ್ದಿ. ನೀ ಹೇಳಿದ್ರ ಮತ್ತೊಂದು ಮನಿ ಹುಡುಕಬೇಕಾಗ್ತಿತ್ತು. ನೀ ಛಲೋ ಅದ ಅಂತಿದ್ದಿ, ನಾ ಬ್ಯಾಂಕಿಗೆ ಹೋಗ್ತಿದ್ದೆ. ಅಷ್ಟ. ನಂದು ತಪ್ಪು.”

ತಪ್ಪು ಅನ್ನುವ ಶಬ್ದ ಈ ಮನುಷ್ಯನ ಬಾಯಿಂದ ಬಂದದ್ದನ್ನು ನಾನು ಅಲ್ಲಿಯ ತನಕ ಕೇಳಿರಲಿಲ್ಲ. ನನಗೆ ಸಿಟ್ಟೂ ಬಂತು, ಅಳುವೂ ಬಂತು, ಎರಡೂ ಒಟ್ಟಿಗೆ ಬಂದರೆ ಎರಡೂ ಸರಿಯಾಗಿ ಆಗುವುದಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು ಕಿಟಕಿಯ ಎದುರು ನಿಂತೆ. ದೋಣಿಗಳು ಇದ್ದವು, ಬಲೆ ಇತ್ತು. ಚೆನ್ನಾಗಿಯೇ ಇತ್ತು. ಬೆನ್ನ ಹಿಂದೆ ಇವರು ಕಾಫಿ ಕುಡಿಯದೆ ಕೂತಿದ್ದರು. ಇವರು ಮಾಡಿದ್ದನ್ನೇ ನಾನೂ ಈಗ ಮಾಡುತ್ತಿದ್ದೇನೆ, ಗೊತ್ತಿದ್ದೂ ಗೊತ್ತಿಲ್ಲದ ಹಾಗೆ, ಅನ್ನುವುದು ಅಲ್ಲಿ ನಿಂತಾಗಲೇ ಖಚಿತವಾಯಿತು.

ಮರುದಿನ ಆಫೀಸಿಗೆ ಹೋಗಿ ಸಹಿ ಮಾಡುವುದಿಲ್ಲ ಅಂದೆ. ಮೆನೇಜರಮ್ಮನಿಗೆ ಬೇಸರವಾಯಿತು. ನಮ್ಮಲ್ಲಿ ಏನು ಕೊರತೆ ಕಂಡಿತು ಅಮ್ಮಗಾರು ಅಂತ ಮತ್ತೆ ಮತ್ತೆ ಕೇಳಿದರು. ನಿಮ್ಮಲ್ಲಿ ಏನೂ ಕೊರತೆಯಿಲ್ಲ, ನಾವು ಆರಿಸಿದ ರೀತಿ ಸರಿಯಿಲ್ಲ ಅಂದೆ. ಆಕೆಗೆ ಅದೇನು ತಿಳಿಯಿತೋ ದೇವರಿಗೇ ಗೊತ್ತು. ಓಡಿ ಬಂದಿದ್ದಳಲ್ಲ, ಚಪ್ಪಲಿ ಬಿದ್ದ ಹುಡುಗಿ, ಅವಳೇ ‘ಇತರೆ’ ಪೆಟ್ಟಿಗೆಗಳನ್ನು ಮತ್ತೆ ಕಟ್ಟಿಕೊಟ್ಟಳು.

ಮಗಳ ಮನೆಗೆ ವಾಪಸು ಬಂದು, ಪಟ್ಟಿಯಲ್ಲಿದ್ದ ಮೂರನೆಯ ಜಾಗ ತೋರಿಸು ಅಂದೆ. ನೀನೇ ಬೇಡ ಅಂದದ್ದಲ್ಲವೇ ಅಂದಳು. ಅಂದಿದ್ದೆ, ಈಗ ಅನ್ನುವುದಿಲ್ಲ, ನಾವಿಬ್ಬರೂ ಹೋಗಿ ನೋಡುತ್ತೇವೆ. ಆಟೋದಲ್ಲಿ ಕೂತಾಗ ಲೆಕ್ಕ ಹಾಕಿದೆ. ಮದುವೆಯಾದ ಮೇಲೆ ಗಂಡ ಹೆಂಡತಿ ಕೂಡಿ ಒಂದು ಮನೆ ನೋಡಲು ಹೊರಟದ್ದು ಅದೇ ಮೊದಲ ಸಲ. ಇವರಿಗೆ ಹೇಳಿದೆ. ಹೌದೇನು ಅಂದರು, ಅಷ್ಟೇ, ಆದರೆ ಅಂಗಿಯ ತೋಳು ಸರಿ ಮಾಡಿಕೊಂಡರು.

ಎರಡನೆಯ ಮಹಡಿ, ಲಿಫ್ಟ್ ಇತ್ತು. ಇವರು ನೇರವಾಗಿ ಬಾಲ್ಕನಿಗೆ ಹೋದರು. ಕೆಳಗೆ ಆಟೋ ಸ್ಟ್ಯಾಂಡು, ಟಿಫಿನ್ ಹೋಟೆಲು, ಪೇಪರಿನ ಅಂಗಡಿ. ಪಂಕ್ಚರ್ ಹಾಕುವವನೂ ಆಟೋದವನೂ ಜಗಳ ಆಡುತ್ತಿದ್ದರು. ಇವರು ಕಟಕಟೆ ಹಿಡಿದು ಬಗ್ಗಿ ನೋಡಿ ನಕ್ಕರು. ಒಂದು ತಿಂಗಳಿಂದ ನಾನು ಆ ನಗು ನೋಡಿರಲಿಲ್ಲ. ಆಯಿತು, ಇದೇ ಸರಿ, ಹೇಗಿದ್ದರೂ ಒಪ್ಪಿಬಿಡುತ್ತೇನೆ ಅಂದುಕೊಂಡು ಅಡಿಗೆಮನೆಗೆ ಹೋದೆ. ಮೂರು ಕಡೆ ಗೋಡೆ. ಹಗಲು ಹನ್ನೊಂದಕ್ಕೆ ದೀಪ ಹಾಕಬೇಕು. ಗೋಡೆಯ ಮೇಲೆ ಒಂದು ಫ್ಯಾನ್ ತೂತು, ಅದರಾಚೆ ಇನ್ನೊಂದು ಗೋಡೆ. ನೋಡಿ ಹೊರಗೆ ಬಂದೆ. ಮಗಳು, ಅಲ್ಲಿನ ಮೆನೇಜರ್, ಬೀಗದ ಕೈ ಹಿಡಿದ ಹುಡುಗಿ ನನ್ನ ಮುಖ ನೋಡುತ್ತಿದ್ದರು.

“ಛಲೋ ಅದ,” ಅಂದೆ.

ಇವರು ಬಾಲ್ಕನಿಯಿಂದ ಕೋಲೂರುತ್ತ ಬಂದರು. ನನ್ನನ್ನು ದಾಟಿ ಅಡಿಗೆಮನೆಗೆ ಹೋದರು. ಹದಿಮೂರು ಮನೆಯಲ್ಲಿ ನೀರು ಕುಡಿಯಲೂ ಅಡಿಗೆಮನೆಯ ಹೊಸ್ತಿಲು ದಾಟದ ಮನುಷ್ಯ. ಸ್ವಿಚ್ ಹಾಕಿದರು, ಆರಿಸಿದರು. ಕತ್ತಲೆಯಲ್ಲಿ ಒಂದು ಗಳಿಗೆ ನಿಂತು ಹೊರಗೆ ಬಂದರು.

“ಸುಳ್ಳು ಹೇಳಬ್ಯಾಡ,” ಅಂದರು.

ನಾಲ್ಕು ಮಂದಿಯ ಎದುರು ಅಂದರು. ನನ್ನ ಮುಖ ಕೆಟ್ಟಿತು, ಕೆಡಲಿ. ನಿಮಗೆ ಹಿಡಿಸಿದೆಯಲ್ಲ, ನಾನು ಹೇಗೋ ನಡೆಸುತ್ತೇನೆ ಅಂದೆ. ಇವರು ಕೇಳಿಸಿಕೊಳ್ಳಲೇ ಇಲ್ಲ. ಮೆನೇಜರನ ಕಡೆ ತಿರುಗಿ, ಬ್ಯಾಂಕಿನಲ್ಲಿ ಅರ್ಜಿ ತಿರಸ್ಕರಿಸುವಾಗಿನ ಆ ಹಳೆಯ ದನಿಯಲ್ಲಿ ತೆಲುಗಿನಲ್ಲಿ ಹೇಳಿದರು: ಅಡಿಗೆಮನೆಗೆ ಕಿಟಕಿ ಇಲ್ಲ, ನಮಗೆ ಬೇಡ. ನಮಗೆ ಅಂದರು. ಗದಗಿನಲ್ಲಿ, ನನಗೆ ಇಪ್ಪತ್ತಮೂರು ವರ್ಷವಾಗಿದ್ದಾಗ, ಕೇಳಬೇಕಾಗಿದ್ದ ಮಾತು ಅದು. ಮೆಟ್ಟಿಲು ಹತ್ತಲಾರದ ವಯಸ್ಸಿನಲ್ಲಿ ಬಂತು. ಲಿಫ್ಟಿನಲ್ಲಿ ನಾನು ಅತ್ತೆ. ಮಗಳು ಗಾಬರಿಯಾಗಿ, ಕಿಟಕಿಗೋಸ್ಕರ ಯಾರಾದರೂ ಅಳುತ್ತಾರಾ ಅಮ್ಮಾ ಅಂದಳು.

ಈಗ ನಾವು ಇರುವುದು ಅದಾದ ಮೇಲೆ ನೋಡಿದ ಇನ್ನೂ ಎರಡು ಜಾಗಗಳ ಪೈಕಿ ಒಂದರಲ್ಲಿ. ವಿಶಾಖಪಟ್ಟಣದ ಒಳಗೇ. ಅಡಿಗೆಮನೆಗೆ ಕಿಟಕಿ ಇದೆ. ಅದರಲ್ಲಿ ಸಮುದ್ರ ಕಾಣುವುದಿಲ್ಲ, ಬಾದಾಮಿ ಮರ ಮತ್ತು ಯಾರದೋ ನೀರಿನ ಟ್ಯಾಂಕು ಕಾಣುತ್ತದೆ. ಗೇಟಿನ ಹೊರಗೆ ಆಟೋ ಸ್ಟ್ಯಾಂಡ್ ಇಲ್ಲ, ಆದರೆ ಟೀ ಅಂಗಡಿ ಇದೆ, ಎದುರಿನ ಸ್ಕೂಲಿನ ಮಕ್ಕಳ ಗಲಾಟೆ ಇದೆ. ಇವರು ಅಲ್ಲಿ ಹೋಗಿ ಕೂರುತ್ತಾರೆ.

ಸಾಮಾನು ಇಳಿಸಿದ ದಿನ ಮಗಳ ಅತ್ತೆ ಹಣ್ಣು ಹಿಡಿದುಕೊಂಡು ಬಂದು, ಮನೆ ಹೇಗಿದೆ ಅಂತ ಕೇಳಿದರು. ಬಾಗಿಲಲ್ಲಿ ಎಂದಿನಂತೆ ನಾಲ್ಕು ಮಂದಿ. ಇವರು ನನ್ನ ಮುಖ ನೋಡಿದರು, ನಾನು ಇವರ ಮುಖ ನೋಡಿದೆ. ಬಚ್ಚಲಲ್ಲಿ ನೀರು ನಿಲ್ಲುತ್ತದೆ ಅಂತ ನಾನೂ, ಮಧ್ಯಾಹ್ನ ಇಲ್ಲಿ ಕೊಟ್ಟ ಸಾಂಬಾರು ಬರೀ ನೀರು ಅಂತ ಇವರೂ, ಇಬ್ಬರೂ ಒಟ್ಟಿಗೇ ಶುರು ಮಾಡಿದೆವು.